ಕ್ರಿಸ್‌ಮಸ್‌ಗೆ ಪುಟಾಣಿಗಳಿಗೆ ಏನು ಕೊಡೋಣ? – ಖರ್ಚು ಕಡಿಮೆ, ಸಂತೋಷ ಹೆಚ್ಚು



ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಎಮ್ಮಿಗನೂರು, ಕಂಪ್ಲಿ ಭಾಗದಲ್ಲಿ ಎರಡು ಕೆಲಸ ಒಟ್ಟಿಗೇ ಬರುತ್ತವೆ. ಒಂದು ಭತ್ತದ ಕೊಯ್ಲು, ಇನ್ನೊಂದು ಕ್ರಿಸ್‌ಮಸ್ ಹಬ್ಬ. ಕೈಗೆ ನಾಲ್ಕು ಕಾಸು ಬರುವ ಕಾಲವೂ ಇದೇ, ಬಂದ ಕಾಸು ಹೇಗೆ ಹೋಯಿತು ಅಂತ ಗೊತ್ತಾಗದ ಕಾಲವೂ ಇದೇ. ಸಂಘದ ವಾರದ ಸಭೆಯಲ್ಲಿ "ಸಿಸ್ಟರ್, ಹಬ್ಬಕ್ಕೆ ಒಂದೆರಡು ಸಾವಿರ ಬೇಕಾಗೈತ್ರಿ" ಎಂಬ ಮಾತು ಈ ತಿಂಗಳಲ್ಲಿ ಹೆಚ್ಚು ಕೇಳುತ್ತದೆ. ಬಟ್ಟೆ, ದಿನಸಿ, ಸಿಹಿ ತಿಂಡಿ ಇವುಗಳ ಜೊತೆಗೆ ಮನೆಯಲ್ಲಿ ಸಣ್ಣ ಕೂಸು ಇದ್ದರೆ ಆಟಿಕೆಯ ಖರ್ಚೂ ಸೇರುತ್ತದೆ. ದೀಪ ಹೊಳೆಯುವ ಕಾರು, ಹಾಡು ಹೇಳುವ ಮೊಬೈಲ್ ಗೊಂಬೆ ನೋಡಿದರೆ ಕೊಡಿಸಬೇಕು ಅನ್ನಿಸುವುದು ಸಹಜ. ಆದರೆ ಅದಕ್ಕೆ ಒಂದು ದಿನದ ಕೂಲಿಯೇ ಹೋಗಬಹುದು. ವಾರ ಕಳೆಯುವಷ್ಟರಲ್ಲಿ ಚಕ್ರ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ. ಸಾಲದ ಕಂತು ಮಾತ್ರ ಮುಂದಿನ ತಿಂಗಳೂ ಕಟ್ಟಬೇಕು.

ಹಬ್ಬ, ಮದುವೆ ಅಂತ ಅಲ್ಲಲ್ಲಿ ಸಾಲ ಮಾಡಿ, ಮೈಕ್ರೋ ಫೈನಾನ್ಸ್ ವಸೂಲಿಯವರ ಕಾಟಕ್ಕೆ ಎಷ್ಟು ಕುಟುಂಬಗಳು ನೊಂದವು ಎಂಬುದು ನಿಮಗೆ ಹೇಳಬೇಕಾಗಿಲ್ಲ. 2025ರ ಫೆಬ್ರವರಿಯಲ್ಲಿ ಸರ್ಕಾರ ಇದಕ್ಕಾಗಿಯೇ ಸುಗ್ರೀವಾಜ್ಞೆ ತರಬೇಕಾಯಿತು. ಆದ್ದರಿಂದ ಈ ಸಲ ಒಂದು ವಿಷಯ ಕೂತು ಯೋಚಿಸೋಣ. ಒಂದರಿಂದ ಮೂರು ವರ್ಷದೊಳಗಿನ ಮಗುವಿಗೆ ನಿಜವಾಗಿ ಬೇಕಾದ ಉಡುಗೊರೆ ಯಾವುದು? ಅದು ಅಂಗಡಿಯಲ್ಲಿದೆಯೋ, ನಮ್ಮ ಮನೆಯಲ್ಲೇ ಇದೆಯೋ?

ಉಡುಗೊರೆಯ ಮೂಲ

ನಮ್ಮ ಸಂಘಗಳಲ್ಲಿ ಎಲ್ಲಾ ಧರ್ಮದ ತಾಯಂದಿರು ಇದ್ದೀರಿ. ಕ್ರಿಸ್‌ಮಸ್‌ನಲ್ಲಿ ಉಡುಗೊರೆ ಏಕೆ ಎಂದು ಕೆಲವರು ಕೇಳುತ್ತೀರಿ. ಬಾಲಯೇಸುವನ್ನು ನೋಡಲು ಪೂರ್ವ ದೇಶದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳ ತಂದರೆಂದು ಸಂತ ಮತ್ತಾಯರ ಶುಭಸಂದೇಶದಲ್ಲಿದೆ. ನಾಲ್ಕನೇ ಶತಮಾನದ ಧರ್ಮಾಧ್ಯಕ್ಷ ಸಂತ ನಿಕೋಲಾಸರು ಬಡವರಿಗೆ ಗುಟ್ಟಾಗಿ ಸಹಾಯ ಮಾಡುತ್ತಿದ್ದರೆಂಬ ನಂಬಿಕೆಯಿಂದ ಮುಂದೆ ಸಾಂತಾಕ್ಲಾಸ್ ಬಂದ. ಆದರೆ ಸಂತ ಲೂಕರು ಇನ್ನೊಂದು ಮಾತು ಬರೆದಿದ್ದಾರೆ. ಜ್ಞಾನಿಗಳು ಬರುವುದಕ್ಕೂ ಮೊದಲು ತಾಯಿ ಮರಿಯಮ್ಮನವರು ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಕೂಸಿಗೆ ಸಿಕ್ಕ ಮೊದಲ ಉಡುಗೊರೆ ಒಂದು ತುಂಡು ಬಟ್ಟೆ ಮತ್ತು ತಾಯಿಯ ಕೈ. ಚಿನ್ನ ಆಮೇಲೆ ಬಂತು.

ಸಣ್ಣ ಮಗು ಹೇಗೆ ಆಡುತ್ತದೆ?

ಮೂರರಿಂದ ಆರು ವರ್ಷದ ಮಕ್ಕಳು ಅಂಗನವಾಡಿಗೆ ಹೋಗಿ ಆಡುತ್ತಾರೆ, ಕಲಿಯುತ್ತಾರೆ. ಮೂರು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಪೌಷ್ಟಿಕ ಆಹಾರ ಮನೆಗೆ ಬರುತ್ತದೆ, ಆಟ ಬರುವುದಿಲ್ಲ. ಹಾಗಾಗಿ ಈ ವಯಸ್ಸಿನ ಮಗುವಿನ ಆಟದ ಜವಾಬ್ದಾರಿ ಪೂರ್ತಿ ನಮ್ಮ ಮನೆಯದು. ಮಗುವಿನ ಮೆದುಳು ಅತಿ ವೇಗವಾಗಿ ಬೆಳೆಯುವುದೂ ಈ ಮೂರು ವರ್ಷಗಳಲ್ಲೇ.

ಒಂದರಿಂದ ಒಂದೂವರೆ ವರ್ಷದ ಮಗು ಎಲ್ಲವನ್ನೂ ಬಾಯಿಗೆ ಇಡುತ್ತದೆ, ಕೆಳಗೆ ಬೀಳಿಸಿ ಸದ್ದು ಕೇಳುತ್ತದೆ, ಡಬ್ಬದೊಳಗೆ ಹಾಕುತ್ತದೆ, ತೆಗೆಯುತ್ತದೆ. "ಎಷ್ಟು ಸಲ ಎತ್ತಿಕೊಟ್ಟರೂ ಮತ್ತೆ ಒಗೀತಾನ್ರೀ" ಅಂತ ನೀವು ಬೇಸರ ಪಡುತ್ತೀರಿ. ಅದು ತುಂಟತನವಲ್ಲ, ಪಾಠ. ಕೈ ಬಿಟ್ಟರೆ ವಸ್ತು ಬೀಳುತ್ತದೆ, ಬಿದ್ದರೆ ಸದ್ದಾಗುತ್ತದೆ, ಅಮ್ಮ ಎತ್ತಿಕೊಡುತ್ತಾಳೆ ಎಂದು ಅದು ಕಲಿಯುತ್ತಿದೆ.

ಒಂದೂವರೆಯಿಂದ ಎರಡು ವರ್ಷಕ್ಕೆ ನೂಕುವುದು, ಎಳೆಯುವುದು, ಒಂದರ ಮೇಲೊಂದು ಇಡುವುದು ಇಷ್ಟ. ಎರಡು ದಾಟಿದ ಮೇಲೆ "ಹುಸಿ ಆಟ" ಶುರುವಾಗುತ್ತದೆ. ಗೊಂಬೆಗೆ ಉಣಿಸುತ್ತದೆ, ಖಾಲಿ ಲೋಟದಲ್ಲಿ ಚಹಾ ಕುಡಿಯುತ್ತದೆ, ನಿಮ್ಮ ಹಾಗೆ ರೊಟ್ಟಿ ಬಡಿಯುತ್ತದೆ.

ಈಗ ನೋಡಿ, ಗುಂಡಿ ಒತ್ತಿದರೆ ಹಾಡುವ ಆಟಿಕೆಯಲ್ಲಿ ಮಗುವಿಗೆ ಏನು ಕೆಲಸವಿದೆ? ಆಟಿಕೆ ಆಡುತ್ತದೆ, ಮಗು ನೋಡುತ್ತದೆ. ಖಾಲಿ ಡಬ್ಬ ಕೊಟ್ಟರೆ ಡಬ್ಬ ಸುಮ್ಮನಿರುತ್ತದೆ, ಮಗು ಆಡುತ್ತದೆ. ಒಳ್ಳೆಯ ಆಟಿಕೆಯ ಗುರುತು ಇಷ್ಟೇ.

ಇದು ಬರೀ ನಮ್ಮ ಅನುಭವದ ಮಾತಲ್ಲ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ 36 ಪುಟ್ಟ ಮಕ್ಕಳನ್ನು ಗಮನಿಸಿದರು. ಅದೇ ಮಕ್ಕಳ ಮುಂದೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಇಟ್ಟರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದು ಆಟಿಕೆಯಲ್ಲಿ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಅರಿಜೋನಾದಲ್ಲಿ ನಡೆದು 2015ರ ಕೊನೆಯಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಬ್ಯಾಟರಿ ಆಟಿಕೆ ಇದ್ದಾಗ ತಂದೆ-ತಾಯಿ ಮಗುವಿನ ಜೊತೆ ಕಡಿಮೆ ಮಾತಾಡಿದರು, ಚಿತ್ರಪುಸ್ತಕ ಇದ್ದಾಗ ಹೆಚ್ಚು ಮಾತಾಡಿದರು ಎಂದು ಕಂಡುಬಂತು. ಮಗು ಮಾತು ಕಲಿಯುವುದು ನಮ್ಮ ಮಾತಿನಿಂದ. ಆಟಿಕೆಯೇ ಮಾತಾಡಿದರೆ ನಾವು ಸುಮ್ಮನಾಗುತ್ತೇವೆ.

ಮನೆಯಲ್ಲೇ ಮಾಡಬಹುದಾದ ಏಳು ಉಡುಗೊರೆಗಳು

1. ಖಜಾನೆ ಬುಟ್ಟಿ: ಎಲಿನಾರ್ ಗೋಲ್ಡ್‌ಸ್ಮೀಡ್ ಎಂಬ ಬ್ರಿಟಿಷ್ ಶಿಕ್ಷಣತಜ್ಞೆ ಕೂಸುಗಳ ಆಟಕ್ಕಾಗಿ ರೂಪಿಸಿದ ಉಪಾಯ ಇದು. ಒಂದು ತಗ್ಗು ಬುಟ್ಟಿಯಲ್ಲಿ ಮನೆಬಳಕೆಯ ಎಂಟು-ಹತ್ತು ವಸ್ತು ಇಡಿ. ಮರದ ಸೌಟು, ಸಣ್ಣ ಲಟ್ಟಣಿಗೆ, ಸ್ಟೀಲ್ ಬಟ್ಟಲು, ಡಬ್ಬದ ಮುಚ್ಚಳ, ಉಜ್ಜಿ ನುಣುಪು ಮಾಡಿದ ತೆಂಗಿನ ಚಿಪ್ಪು, ಒಂದು ತುಂಡು ಕೌದಿ, ಒಂದು ತುಂಡು ರೇಷ್ಮೆ ಸೀರೆ. ಒಂದು ತಣ್ಣಗೆ, ಒಂದು ಒರಟು, ಒಂದು ಭಾರ, ಒಂದು ಸದ್ದು ಮಾಡುವಂಥದ್ದು ಹೀಗೆ ಬೇರೆ ಬೇರೆ ಇರಲಿ. ಪ್ಲಾಸ್ಟಿಕ್ ಆಟಿಕೆಗಳೆಲ್ಲ ಕೈಗೆ ಒಂದೇ ತರಹ. ಈ ಬುಟ್ಟಿಯಲ್ಲಿ ಒಂದರಂತೆ ಇನ್ನೊಂದಿಲ್ಲ. ವಾರಕ್ಕೊಮ್ಮೆ ಎರಡು ವಸ್ತು ಬದಲಾಯಿಸಿ. ಖರ್ಚು ಏನೂ ಇಲ್ಲ.

2. ಬಟ್ಟೆ ಚೆಂಡು: ಹಳೆಯ ಕಾಟನ್ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಬಿಗಿಯಾಗಿ ಸುತ್ತಿ, ಮೇಲೆ ಬಣ್ಣದ ಬಟ್ಟೆ ಹೊದಿಸಿ ಹೊಲಿಯಿರಿ. ಮೂಸಂಬಿಯಷ್ಟು ದೊಡ್ಡದಿರಲಿ. ಒಗೆದರೂ ಯಾರಿಗೂ ಪೆಟ್ಟಾಗದು, ಉರುಳಿದರೂ ದೂರ ಹೋಗದು. ಕೊಳೆಯಾದರೆ ಒಗೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ.

3. ಬಟ್ಟೆ ಗೊಂಬೆ: ಅಜ್ಜಿಯಂದಿರು ಇದನ್ನು ಕಣ್ಣು ಮುಚ್ಚಿ ಮಾಡುತ್ತಾರೆ. ಅವರನ್ನೇ ಕೂಡಿಸಿಕೊಂಡು ಮಾಡಿ. ಕಣ್ಣಿಗೆ ಗುಂಡಿ, ಮಣಿ ಹಚ್ಚಬೇಡಿ. ದಾರದಿಂದಲೇ ಕಣ್ಣು, ಮೂಗು, ಬಾಯಿ ಹೊಲಿಯಿರಿ. ಒಳಗೆ ಬಟ್ಟೆ ಚೂರು ತುಂಬಿ, ಎರಡು ಸಲ ಹೊಲಿಗೆ ಹಾಕಿ. ಒಂದು ಮಾತು ನೆನಪಿಡಿ, ಗೊಂಬೆ ಹೆಣ್ಣುಕೂಸಿಗೆ ಮಾತ್ರವಲ್ಲ. ಗೊಂಬೆಯನ್ನು ತೊಡೆಯ ಮೇಲೆ ಮಲಗಿಸಿ ತಟ್ಟುವ ಗಂಡುಮಗು ನಾಳೆ ತನ್ನ ಕೂಸನ್ನೂ ಎತ್ತಿಕೊಳ್ಳುವ ಅಪ್ಪನಾಗುತ್ತಾನೆ. ಹಾಗೆಯೇ ಚೆಂಡು, ಎಳೆಯುವ ಬಂಡಿ ಹೆಣ್ಣುಮಗುವಿಗೂ ಬೇಕು.

4. ಗಿಲಕಿ: ಸಣ್ಣ ಪ್ಲಾಸ್ಟಿಕ್ ಬಾಟಲಿಯನ್ನು ತೊಳೆದು ಒಣಗಿಸಿ, ಒಂದು ಹಿಡಿ ಜೋಳ ಹಾಕಿ, ಮುಚ್ಚಳಕ್ಕೆ ಗಟ್ಟಿ ಅಂಟು ಹಾಕಿ ಬಿಗಿಯಿರಿ. ಆಮೇಲೆ ಇಡೀ ಬಾಟಲಿಗೆ ಬಟ್ಟೆಯ ಚೀಲ ಹೊಲಿದುಬಿಡಿ. ಮುಚ್ಚಳ ಕಳಚಿದರೂ ಕಾಳು ಹೊರಬರಬಾರದು. ಬಾಟಲಿ ಸೀಳಿದರೆ ಆ ದಿನವೇ ಎಸೆದು ಬೇರೆ ಮಾಡಿ.

5. ಹಾಕು-ತೆಗೆ ಡಬ್ಬ: ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದ ಮುಚ್ಚಳದಲ್ಲಿ ದೊಡ್ಡ ತೂತು ಕೊರೆದು ಅಂಚನ್ನು ನುಣುಪು ಮಾಡಿ. ಒಳಗೆ ಹಾಕಲು ಬಟ್ಟೆಯ ಉಂಡೆ, ದೊಡ್ಡ ಮರದ ತುಂಡು ಕೊಡಿ. ಹಾಕಿ, ತೆಗೆದು, ಮತ್ತೆ ಹಾಕಿ ಮಗು ಅರ್ಧ ಗಂಟೆ ಕೂಡುತ್ತದೆ. ಬೆರಳಿಗೆ ಬಲ ಬರುತ್ತದೆ.

6. ಎಳೆಯುವ ಪೆಟ್ಟಿಗೆ: ಅಂಗಡಿಯಲ್ಲಿ ಸಿಗುವ ಖಾಲಿ ರಟ್ಟಿನ ಪೆಟ್ಟಿಗೆ. ಪಿನ್ನು, ಟೇಪು ಎಲ್ಲಾ ಕಿತ್ತು, ಒಂದು ಗೇಣಿನ ದಾರ ಕಟ್ಟಿ. ಅದೇ ಬಂಡಿ, ಅದೇ ತುಂಗಭದ್ರೆಯ ಹರಿಗೋಲು, ಅದೇ ಗೊಂಬೆಯ ತೊಟ್ಟಿಲು. ಆಟಿಕೆ ಬಿಟ್ಟು ಅದು ಬಂದ ಡಬ್ಬದ ಜೊತೆ ಮಕ್ಕಳು ಆಡುವುದನ್ನು ನೀವೂ ನೋಡಿರುತ್ತೀರಿ.

7. ಬಟ್ಟೆ ಪುಸ್ತಕ: ಒಂದು ಗೇಣು ಅಗಲದ ನಾಲ್ಕು ತುಂಡು ಬಟ್ಟೆಯನ್ನು ಮಧ್ಯದಲ್ಲಿ ಹೊಲಿದರೆ ಎಂಟು ಎಲೆಯ ಪುಸ್ತಕ. ಪ್ರತಿ ಎಲೆಗೂ ಬಣ್ಣದ ಬಟ್ಟೆಯಲ್ಲಿ ಕತ್ತರಿಸಿದ ಒಂದೊಂದು ಚಿತ್ರ: ಹಸು, ಮೀನು, ಎಲೆ, ಸೂರ್ಯ, ನಕ್ಷತ್ರ. ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಒಂದೊಂದರ ಹೆಸರು ಹೇಳಿ. ಕಥೆ ಬೇಕೆಂದರೆ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಓದಲು ಬರುವ ಮಗಳೋ ಸೊಸೆಯೋ ಫೋನಿನಲ್ಲಿ ಮೊದಲೇ ಓದಿಕೊಂಡು, ಫೋನ್ ಪಕ್ಕಕ್ಕಿಟ್ಟು, ಬಾಯಿಂದ ಹೇಳಲಿ.

"ಸಿಸ್ಟರ್, ಇದೆಲ್ಲ ಹಳೇ ಬಟ್ಟಿ, ಖಾಲಿ ಡಬ್ಬಿ. ಮಂದಿ ನೋಡಿದ್ರೆ ಏನಂತಾರ?" ಅಂತ ನೀವು ಕೇಳಬಹುದು. ಉತ್ತರ ಪ್ರದೇಶದ ಬರೇಲಿಯಲ್ಲಿ ಹುಟ್ಟಿ, ಕಾನ್ಪುರದ ಐಐಟಿಯಲ್ಲಿ ಓದಿದ ಅರವಿಂದ ಗುಪ್ತ ಎಂಬುವರು ಬೆಂಕಿಕಡ್ಡಿ, ಹಳೆ ಸೈಕಲ್ ಟ್ಯೂಬು, ಖಾಲಿ ಬಾಟಲಿಗಳಿಂದಲೇ ಆಟಿಕೆ ಮಾಡುವುದನ್ನು ದೇಶದ ಮಕ್ಕಳಿಗೆ ಕಲಿಸಿದರು. ಆ ಸೇವೆಗೆ 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಾಚಿಕೆ ಪಡುವ ಕೆಲಸ ಇದಲ್ಲ.

ನಮ್ಮ ಸುತ್ತಲಿನ ಕೈಕೆಲಸ

ನಮ್ಮ ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ಆ ಹೆಣ್ಣುಮಕ್ಕಳ ಸೂಜಿ ಹೊರದೇಶಕ್ಕೂ ತಲುಪಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ನಿಮ್ಮ ಸಂಘದಲ್ಲಿ ತಾಂಡಾದ ಅಕ್ಕಂದಿರಿದ್ದರೆ ಬಟ್ಟೆ ಗೊಂಬೆ, ಪುಸ್ತಕಕ್ಕೆ ಅವರ ಹೊಲಿಗೆ ಬೀಳಲಿ. ಹೊಲಿಗೆ ಮಾತ್ರ ಸಾಕು. ಕನ್ನಡಿ ಬಿಲ್ಲೆ, ಕವಡೆ, ನಾಣ್ಯ ಕಿತ್ತು ಮಗುವಿನ ಬಾಯಿಗೆ ಹೋಗುತ್ತವೆ, ಅವು ಬೇಡ.

ಆನೆಗೊಂದಿಯಲ್ಲಿ ಬಾಳೆ ನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಮಹಿಳೆಯರಿದ್ದಾರೆ. ಖಜಾನೆ ಬುಟ್ಟಿಗೆ ಅಂಥದ್ದು ಚೆನ್ನ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಗೊಂಬೆ ಕೆತ್ತಿ ಬಣ್ಣ ಹಚ್ಚುತ್ತಾರೆ. ಅವು ಗೋಡೆಗೂಡಿಗೆ, ಗೋದಲಿಯ ಪಕ್ಕಕ್ಕೆ ಚೆಂದ. ಬಾಯಿಗೆ ಇಡುವ ವಯಸ್ಸಿನ ಮಗುವಿನ ಕೈಗೆ ಬೇಡ. ದುಡ್ಡು ಕೊಟ್ಟು ಒಂದೇ ಒಂದು ಆಟಿಕೆ ಕೊಳ್ಳುವುದಾದರೆ ಚನ್ನಪಟ್ಟಣದ ಮರದ ಆಟಿಕೆ ನೋಡಿ. ಅಲ್ಲಿಯ ಸಾಂಪ್ರದಾಯಿಕ ಕೆಲಸದಲ್ಲಿ ಮರಕ್ಕೆ ಅರಗಿನ ಲೇಪ, ಗಿಡಮೂಲದ ಬಣ್ಣ. ದೊಡ್ಡ ತುಂಡಿನದನ್ನೇ ಆರಿಸಿ. ಹತ್ತು ಅಗ್ಗದ್ದಕ್ಕಿಂತ ಗಟ್ಟಿಯದು ಒಂದು ಸಾಕು, ತಮ್ಮ ತಂಗಿಗೂ ಬರುತ್ತದೆ.

ಇವುಗಳನ್ನು ಕೊಡಬೇಡಿ

ಈ ಭಾಗವನ್ನು ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಓದಲು ಬಾರದ ಸದಸ್ಯರಿಗೂ ತಿಳಿಯಲಿ.

• ಬಾಯಿಯೊಳಗೆ ಪೂರ್ತಿ ಹೋಗುವ ವಸ್ತು: ಆಟಿಕೆಯ ಸುರಕ್ಷತೆ ನೋಡುವವರು ಸುಮಾರು 3.2 ಸೆಂಟಿಮೀಟರ್ ಅಗಲದ ಕೊಳವೆ ಬಳಸುತ್ತಾರೆ. ಅದರೊಳಗೆ ಇಳಿಯುವ ವಸ್ತು ಮೂರು ವರ್ಷದೊಳಗಿನ ಮಗುವಿಗೆ ಅಪಾಯ. ನಮ್ಮ ಹತ್ತು ರೂಪಾಯಿ ನಾಣ್ಯ 2.7 ಸೆಂಟಿಮೀಟರ್. ನಾಣ್ಯದಷ್ಟಿರುವುದು, ಅದಕ್ಕಿಂತ ಸ್ವಲ್ಪವೇ ದೊಡ್ಡದಿರುವುದು ಎರಡೂ ಬೇಡ. ಗೋಲಿ, ಮಣಿ, ಗುಂಡಿ, ಹುಣಸೆಬೀಜ ಎಲ್ಲಾ ಇದರಲ್ಲಿ ಬಂತು.

• ಬಲೂನು: ಹಬ್ಬಕ್ಕೆ ಎಲ್ಲರ ಮನೆಯಲ್ಲೂ ಕಟ್ಟುತ್ತೇವೆ. ಒಡೆದ ಬಲೂನಿನ ಚೂರು ಗಂಟಲಿಗೆ ಹೋದರೆ ಅಂಟಿಕೊಂಡು ಉಸಿರು ಕಟ್ಟುತ್ತದೆ. ಕಟ್ಟಿದರೂ ಎತ್ತರದಲ್ಲಿ ಕಟ್ಟಿ, ಒಡೆದ ಚೂರು ಕೂಡಲೇ ಆರಿಸಿ.

• ಗುಂಡಿ ಬ್ಯಾಟರಿ: ದೀಪ ಹೊಳೆಯುವ, ಹಾಡುವ ಸಣ್ಣ ಆಟಿಕೆಗಳಲ್ಲಿ ನಾಣ್ಯದಂಥ ಬ್ಯಾಟರಿ ಇರುತ್ತದೆ. ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಸುಡಬಹುದು. ಮಗು ನುಂಗಿದೆ ಎಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸದೆ, ಬೆಳಗಾಗಲಿ ಅಂತ ಕಾಯದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ ವೈದ್ಯರಿಗೆ "ಬ್ಯಾಟರಿ" ಎಂದೇ ಹೇಳಿ.

• ಉದ್ದ ದಾರ: ಒಂದು ಗೇಣಿಗಿಂತ ಉದ್ದದ ದಾರ, ರಿಬ್ಬನ್ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ.

• ಬಣ್ಣ: ಬಾಗಿಲು, ಬಂಡಿಗೆ ಹಚ್ಚುವ ಪೇಂಟನ್ನು ಆಟಿಕೆಗೆ ಹಚ್ಚಬೇಡಿ. ಹಳೆ ಪೇಂಟಿನಲ್ಲಿ ಸೀಸ ಇರಬಹುದು. ಸೀಸ ಮಗುವಿನ ಮೆದುಳಿಗೆ ಕೆಡುಕು. ಬಟ್ಟೆಗೆ ಬಣ್ಣ ಬೇಕಿದ್ದರೆ ಅರಿಶಿನ, ಬೀಟ್‌ರೂಟ್ ಸಾಕು.

• ಗುರುತಿಲ್ಲದ ಆಟಿಕೆ: 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಕಾರ್ಖಾನೆಯ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೆ, ಭೌಗೋಳಿಕ ಗುರುತಿನ ಆಟಿಕೆಗೆ ವಿನಾಯಿತಿ ಇದೆ. ಕೊಳ್ಳುವಾಗ ಗುರುತು ಇದೆಯಾ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

• ಮಿಠಾಯಿ, ಶೇಂಗಾ: ಗಟ್ಟಿ ಮಿಠಾಯಿ, ಇಡೀ ಶೇಂಗಾ ಬೀಜವನ್ನು ಈ ವಯಸ್ಸಿನ ಮಗುವಿಗೆ ಕೊಡಬೇಡಿ.

ಗಂಟಲಲ್ಲಿ ಸಿಕ್ಕಿದರೆ: ಮಗು ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮು, ಅಳು ಎರಡೂ ನಿಂತು ಮುಖ ನೀಲಿಯಾದರೆ ಕೂಡಲೇ ಮಗುವನ್ನು ಮುಂದಕ್ಕೆ ಬಗ್ಗಿಸಿ, ಬೆನ್ನಿನ ಎರಡು ರೆಕ್ಕೆ ಮೂಳೆಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯಿರಿ. ಹೊರಬರದಿದ್ದರೆ ಒಂದು ವರ್ಷ ದಾಟಿದ ಮಗುವಿಗೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟೆ ಒತ್ತಬಾರದು. ಬೆನ್ನಿಗೆ ಐದು ಹೊಡೆತ, ಆಮೇಲೆ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಬೇಕು. ವಸ್ತು ಕಣ್ಣಿಗೆ ಕಾಣದಿದ್ದರೆ ಬಾಯೊಳಗೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ನಿಮ್ಮ ಆಶಾ ಕಾರ್ಯಕರ್ತೆ ಅಥವಾ ನರ್ಸ್ ಅವರನ್ನು ಸಭೆಗೆ ಕರೆದು ಇದನ್ನು ಒಮ್ಮೆ ಮಾಡಿ ತೋರಿಸಲು ಕೇಳಿ.

ಒಬ್ಬರೇ ಬೇಡ, ಸಂಘವೇ ಮಾಡಲಿ

ಕೊಯ್ಲಿನ ದಿನಗಳಲ್ಲಿ ಒಬ್ಬರೇ ಕೂತು ಹೊಲಿಯಲು ಪುರುಸೊತ್ತು ಎಲ್ಲಿದೆ? ಆದ್ದರಿಂದ ಡಿಸೆಂಬರ್ ಮೊದಲ ವಾರದಲ್ಲೇ ಒಂದು ಸಂಜೆ ಗೊತ್ತು ಮಾಡಿ. ಪ್ರತಿ ಸದಸ್ಯೆ ಮನೆಯಿಂದ ಒಂದು ಹಳೆ ಸೀರೆ ಅಥವಾ ಪಂಚೆ ತೊಳೆದು ತರಲಿ. ಸೂಜಿ, ದಾರ, ಅಂಟು ಸಂಘದ ಖರ್ಚಿನಲ್ಲಿ ಇರಲಿ, ಇಡೀ ಸಂಘಕ್ಕೆ ಇನ್ನೂರು ರೂಪಾಯಿಯೊಳಗೆ ಮುಗಿಯಬಹುದು. ಹೊಲಿಗೆ ಬಲ್ಲವರು ಹೊಲಿಯಲಿ, ಬಾರದವರು ಕತ್ತರಿಸಲಿ, ಅಜ್ಜಿಯಂದಿರು ಗೊಂಬೆಗೆ ಮುಖ ಮಾಡಲಿ. ಸದಸ್ಯರ ಮನೆಯ ಪುಟಾಣಿಗಳ ಪಟ್ಟಿ ಮಾಡಿ, ಒಂದು ಮಗುವಿಗೆ ಎರಡು ವಸ್ತು ಸಾಕು. ತಾಯಿ ಇಲ್ಲದ ಕೂಸು, ಗುಳೆ ಹೋಗಿ ಬಂದವರ ಕೂಸು, ನಡೆಯಲು ತಡವಾದ ಕೂಸು ಪಟ್ಟಿಯಲ್ಲಿ ಮೊದಲು ಇರಲಿ. ಸರ್ಕಾರ 2023ರ ಬಜೆಟ್‌ನಲ್ಲಿ ಘೋಷಿಸಿದ ಕೂಸಿನ ಮನೆ ನಿಮ್ಮ ಪಂಚಾಯಿತಿಯಲ್ಲಿದ್ದರೆ ಅಲ್ಲಿಗೂ ಒಂದು ಖಜಾನೆ ಬುಟ್ಟಿ ಕೊಡಿ.

ಉಳಿದ ದುಡ್ಡನ್ನು ಏನು ಮಾಡುವುದು? ಆಟಿಕೆಗೆಂದು ತೆಗೆದಿಟ್ಟ ಮುನ್ನೂರೋ ನಾನೂರೋ ರೂಪಾಯಿಯನ್ನು ಮಗುವಿನ ಹೆಸರಿನಲ್ಲಿ ಉಳಿತಾಯಕ್ಕೆ ಹಾಕಿ, ಇಲ್ಲವೇ ಮೊಟ್ಟೆ, ಹಾಲಿಗೆ ಬಳಸಿ. ಸಾಲ ಮಾಡಿ ತರುವುದೇ ಆಗಿದ್ದರೆ, ಆ ಸಾಲವನ್ನೇ ಕೈಬಿಡಿ.

ಕೊನೆಯದಾಗಿ, ಮೇಲೆ ಹೇಳಿದ ಯಾವ ಆಟಿಕೆಯೂ ಒಂಟಿಯಾಗಿ ಉಡುಗೊರೆಯಲ್ಲ. ಅದರ ಜೊತೆಗೆ ದಿನಕ್ಕೆ ಹದಿನೈದು ನಿಮಿಷ ನೀವು ಬೇಕು. ಹೊಲದಿಂದ ಬಂದು ಕೈಕಾಲು ತೊಳೆದು, ಒಲೆ ಹಚ್ಚುವ ಮೊದಲು ಹದಿನೈದು ನಿಮಿಷ ನೆಲದ ಮೇಲೆ ಕೂತು ಚೆಂಡು ಉರುಳಿಸಿ. ಆಗದ ದಿನ ಮಗುವಿನ ಅಪ್ಪ ಕೂಡಲಿ. ಎಂಟು-ಹತ್ತು ವರ್ಷದ ಅಕ್ಕನ ಸೊಂಟಕ್ಕೆ ಕೂಸನ್ನು ಕಟ್ಟಿ, ಅವಳ ಶಾಲೆ ಬಿಡಿಸುವುದು ಬೇಡ. ಮಗುವಿನ ಜೊತೆ ಆಡುವುದು ದೊಡ್ಡವರ ಕೆಲಸ.

ಸಭೆಯಲ್ಲಿ ಚರ್ಚಿಸಲು:

1. ಕಳೆದ ಹಬ್ಬಕ್ಕೆ ಕೊಡಿಸಿದ ಆಟಿಕೆಗಳಲ್ಲಿ ಎಷ್ಟು ಇಂದಿಗೂ ಉಳಿದಿವೆ? ಅದಕ್ಕೆ ಎಷ್ಟು ಖರ್ಚಾಗಿತ್ತು?
2. ನಮ್ಮ ಮನೆಯಲ್ಲಿ ಮಗುವಿನ ಕೈಗೆ ಸಿಗುವ ಅಪಾಯದ ಸಣ್ಣ ವಸ್ತುಗಳು ಯಾವುವು? ಈ ವಾರವೇ ಎತ್ತಿಡುವುದು ಯಾವುದು?
3. ನಮ್ಮ ಸಂಘ ಯಾವ ಸಂಜೆ ಕೂಡುತ್ತದೆ? ಬಟ್ಟೆ, ದಾರ, ಬುಟ್ಟಿ ಯಾರು ಯಾರು ತರುತ್ತಾರೆ?

ಉತ್ತರಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ. ಎಲ್ಲರಿಗೂ ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು.